ಟೇಲರ್ ಮಂಜಿಲ್‌ಗೆ ಒಂದು ಪಂಚಾಂಗ

ಲಿಂಗಸುಗೂರಿನಿಂದ ಗುರುಗುಂಟಾ ಮಾರ್ಗವಾಗಿ ಹೊರಟು ತಿಂಥಣಿ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿದರೆ ಸುರಪುರ ಸೀಮೆ. ಗುಡ್ಡಗಳ ನಡುವಿನ ಆ ಊರಿನ ಎತ್ತರದಲ್ಲಿ ಟೇಲರ್ ಮಂಜಿಲ್ ಇದೆ. ನಿಜಾಮನ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿ ವಾಸ ಮಾಡಿದ ಮನೆ ಅದು. ಈಗ ಸರ್ಕಾರಿ ಪ್ರವಾಸಿ ಮಂದಿರ. ಊರಿಗೆ ಬಂದ ಅಧಿಕಾರಿಗಳು ತಂಗುತ್ತಾರೆ, ಇತಿಹಾಸದ ಹುಚ್ಚು ಹತ್ತಿದವರು ಬಂದು ನೋಡಿ ಹೋಗುತ್ತಾರೆ. ಒಮ್ಮೆ ನೋಡಿದವರು ಮತ್ತೊಮ್ಮೆ ಬರಬೇಕಾದರೆ ಕಾರಣ ಬೇಕು. ಆ ಕಾರಣವನ್ನು ವರ್ಷವಿಡೀ ಒದಗಿಸುವುದು ಹೇಗೆ ಎಂಬುದೇ ಕಳೆದ ಒಂದೂವರೆ ಶತಮಾನದಲ್ಲಿ ಒಂದು ವಿದ್ಯೆಯಾಗಿ ಬೆಳೆದಿದೆ. ಆ ವಿದ್ಯೆ ಬೆಳೆದ ಬಗೆಯನ್ನು ಕೃಷ್ಣೆ-ತುಂಗಭದ್ರೆಗಳ ನಡುವಿನ ನಮ್ಮ ದೋಆಬಿನಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ. ಹಳೆಯ ಮನೆಯನ್ನು ಗಾರೆ ಸುಣ್ಣ ಅರ್ಧ ಉಳಿಸಿದರೆ, ಉಳಿದರ್ಧವನ್ನು ಅಲ್ಲಿ ನಡೆಯುವ ಕಾರ್ಯಕ್ರಮಗಳು ಉಳಿಸುತ್ತವೆ ಎಂಬುದು ನನ್ನ ನಂಬಿಕೆ.

ಮನೆಯ ಕಥೆಗೂ ಲಿಂಗಸುಗೂರಿನ ಕಥೆಗೂ ನಂಟಿದೆ. 1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪನಾಯಕ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮನ ಕೈಯಲ್ಲಿ ಸಂಸ್ಥಾನ. ರಾಣಿಗೂ ಟೇಲರನಿಗೂ ಸರಿಹೋಗಲಿಲ್ಲ, ಹುಡುಗನಿಗೂ ಟೇಲರನಿಗೂ ಸರಿಹೋಯಿತು. ರಾಜ ವಯಸ್ಸಿಗೆ ಬಂದ 1853ರಲ್ಲಿ ಟೇಲರ್ ಹೊರಟು ನಳದುರ್ಗದ ಕಡೆ ಹೋದ. ಅದೇ ವರ್ಷ ನಿಜಾಮ ಮಾಡಿಕೊಂಡ ಒಪ್ಪಂದದಂತೆ ರಾಯಚೂರು ದೋಆಬ್ ಇಂಗ್ಲಿಷರ ಆಡಳಿತಕ್ಕೆ ಹೋಯಿತು. ಹೈದರಾಬಾದ್ ಕಂಟಿಂಜೆಂಟಿನ ದಂಡು ಲಿಂಗಸುಗೂರಿನ ಛಾವಣಿಯಲ್ಲಿತ್ತು. ರಾಜ ಇಂಗ್ಲಿಷರ ವಿರುದ್ಧ ಬಂಡೆದ್ದಾಗ, 1858ರ ಫೆಬ್ರುವರಿಯಲ್ಲಿ ಸುರಪುರದ ಮೇಲೆ ನಡೆದ ದಂಡು ಈ ಛಾವಣಿಯಿಂದಲೇ ಹೊರಟದ್ದು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಆ ಕಾಳಗದಲ್ಲಿ ಸತ್ತ. 1860ರಲ್ಲಿ ದೋಆಬ್ ನಿಜಾಮನಿಗೆ ಮರಳಿತು, ಸುರಪುರವೂ ಅವನ ಪಾಲಾಯಿತು. ಆಮೇಲೆ ಲಿಂಗಸುಗೂರು ಜಿಲ್ಲಾ ಕೇಂದ್ರವೇ ಆಗಿ ಮೆರೆದು, 1905ರಲ್ಲಿ ಆ ಜಿಲ್ಲೆ ರದ್ದಾಗಿ ತಾಲ್ಲೂಕು ಕೇಂದ್ರಕ್ಕೆ ಇಳಿಯಿತು.

ಇವುಗಳಲ್ಲಿ 1853, 1858, 1860 ಈ ಮೂರು ಇಸವಿಗಳು ಇನ್ನೊಂದು ಮನೆಯ ಚರಿತ್ರೆಯಲ್ಲೂ ಬರುತ್ತವೆ. ಅಮೆರಿಕದ ವರ್ಜೀನಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಮನೆ ಕುಸಿಯುವ ಸ್ಥಿತಿಯಲ್ಲಿದ್ದಾಗ ಆ್ಯನ್ ಪಮೇಲಾ ಕನ್ನಿಂಗ್‌ಹ್ಯಾಮ್ ಎಂಬ ಹೆಣ್ಣುಮಗಳು 1853ರಲ್ಲಿ ಮಹಿಳೆಯರದೇ ಒಂದು ಸಂಘ ಕಟ್ಟಿದಳು. 1858ರಲ್ಲಿ ಖರೀದಿ ಕರಾರಾಯಿತು, 1860ರಲ್ಲಿ ಮನೆ ಸಂಘದ ವಶಕ್ಕೆ ಬಂತು. ಸರ್ಕಾರದ ಹಂಗಿಲ್ಲದೆ, ಊರೂರಿನಿಂದ ಚಂದಾ ಎತ್ತಿ ಮಾಡಿದ ಕೆಲಸ. ಇಂಥ ಮನೆಗಳನ್ನು ಕಾಯುವ ಪರಂಪರೆಗೆ ಅಲ್ಲಿಂದ ಬಲ ಬಂತು. ಆದರೆ ಆ ಕಾಲದ ಕಲ್ಪನೆಯಲ್ಲಿ ಮನೆಯೆಂದರೆ ಗುಡಿ. ಒಳಗೆ ಹೋಗಬೇಕು, ಹಗ್ಗದ ಆಚೆಯಿಂದ ಮಂಚ ಕುರ್ಚಿ ನೋಡಬೇಕು, ಕೈಮುಗಿದು ಹೊರಬರಬೇಕು.

ಆ ಕಲ್ಪನೆಯನ್ನು ಸಡಿಲಿಸಿದ್ದು ಸ್ವೀಡನ್ ದೇಶದ ಆರ್ಟುರ್ ಹಜೇಲಿಯಸ್. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಅವನು ತೆರೆದ ಸ್ಕಾನ್ಸೆನ್‌ನಲ್ಲಿ ರೈತರ ಮನೆಗಳನ್ನು ಬಿಚ್ಚಿ ತಂದು ನಿಲ್ಲಿಸಿದ. ಅಷ್ಟಕ್ಕೇ ಬಿಡದೆ ಹಬ್ಬ, ಕುಣಿತ, ಕಸುಬುಗಳನ್ನೂ ಅಲ್ಲೇ ನಡೆಸಿದ. ನೋಡುವ ವಸ್ತುವಿನಷ್ಟೇ ಮಾಡುವ ಕೆಲಸಕ್ಕೂ ಬೆಲೆ ಬಂತು. ಮುಂದೆ ಪತ್ರಕರ್ತ ಫ್ರೀಮನ್ ಟಿಲ್ಡನ್ 1957ರಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನಗಳಿಗಾಗಿ ಬರೆದ ಪುಸ್ತಕ ಈ ವಿದ್ಯೆಗೆ ಸೂತ್ರ ಒದಗಿಸಿತು. ಬಂದವರ ತಲೆಗೆ ಮಾಹಿತಿ ತುಂಬುವುದಕ್ಕಿಂತ ಅವರ ಕುತೂಹಲ ಕೆರಳಿಸುವುದು ಮುಖ್ಯ, ಅವರ ಸ್ವಂತ ಬದುಕಿಗೆ ತಾಗದ ವಿವರಣೆ ಬರಡು ಎಂಬುದು ಅವನ ವಾದದ ತಿರುಳು. ನಮ್ಮ ಸ್ಮಾರಕಗಳ ಮುಂದೆ ನಿಂತಿರುವ ನೀಲಿ ಫಲಕಗಳನ್ನು ಓದಿದಾಗಲೆಲ್ಲ ನನಗೆ ಟಿಲ್ಡನ್ ನೆನಪಾಗುತ್ತಾನೆ.

ಮೂರನೆಯ ತಿರುವು ನೈತಿಕವಾದದ್ದು. ವಾಷಿಂಗ್ಟನ್ ತೀರಿಕೊಂಡ 1799ರಲ್ಲಿ ಮೌಂಟ್ ವರ್ನನ್ನಿನಲ್ಲಿ 317 ಮಂದಿ ಗುಲಾಮರಿದ್ದರು. ನೂರು ವರ್ಷಕ್ಕೂ ಹೆಚ್ಚು ಕಾಲ ಆ ಮನೆ ಅವರ ಬಗ್ಗೆ ಹೆಚ್ಚು ಮಾತಾಡಲಿಲ್ಲ. 1929ರಲ್ಲಿ ಅವರ ಸಮಾಧಿಯ ಜಾಗದಲ್ಲಿ ಒಂದು ಕಲ್ಲು ಬಂತು. 1983ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಸ್ಮಾರಕ ಎದ್ದಿತು. ಮನೆಯ ಯಜಮಾನನ ಜತೆಗೆ ನೀರು ಹೊತ್ತವರು, ಅಡುಗೆ ಮಾಡಿದವರು, ಎದುರು ನಿಂತವರು, ಎಲ್ಲರ ಕಥೆಯನ್ನೂ ಹೇಳಬೇಕೆಂಬುದು ಇವತ್ತು ಬಹುಪಾಲು ಒಪ್ಪಿತ ಮಾತು. ವಸಾಹತು ಕಾಲದ ಬಂಗಲೆಗಳ ವಿಷಯದಲ್ಲಂತೂ ಇದಿಲ್ಲದೆ ಮುಂದೆ ಹೆಜ್ಜೆಯಿಡುವಂತಿಲ್ಲ.

ನಮ್ಮ ದೇಶದಲ್ಲಿ ಮನೆ-ಸ್ಮಾರಕಗಳು ರಾಷ್ಟ್ರನಾಯಕರ ಹೆಸರಿನಲ್ಲಿ ಶುರುವಾದವು. ಮುಂಬಯಿಯ ಮಣಿಭವನ 1955ರಲ್ಲಿ, ದಿಲ್ಲಿಯ ತೀನ್ ಮೂರ್ತಿ ಭವನ 1964ರಲ್ಲಿ ಸ್ಮಾರಕವಾದವು. ಕರ್ನಾಟಕದಲ್ಲಿ ದಾರಿ ಸ್ವಲ್ಪ ಬೇರೆ, ಇಲ್ಲಿ ಮುಂದೆ ನಿಂತವರು ಕವಿಗಳು. ಕುಪ್ಪಳಿಯ ಕವಿಮನೆಗೆ ಡಿಸೆಂಬರ್ 29, ಧಾರವಾಡದ ಸಾಧನಕೇರಿಗೆ ಜನವರಿ 31, ಅಲ್ಲಿನ ಕವಿಗಳ ಹುಟ್ಟುಹಬ್ಬಗಳು, ತಪ್ಪದ ದಿನಗಳು. ಗಡಿಯಾಚೆಯ ಮಂಜೇಶ್ವರದಲ್ಲೂ ಗೋವಿಂದ ಪೈಗಳ ಮನೆಯ ಆವರಣಕ್ಕೆ ‘ಗಿಳಿವಿಂಡು’ ಎಂದು ಅವರದೇ ಕವನಸಂಕಲನದ ಹೆಸರು ಕೊಟ್ಟು ಸ್ಮಾರಕ ಕಟ್ಟಿದ್ದಾರೆ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಪುತ್ತೂರಿನ ಬಾಲವನ. ಶಿವರಾಮ ಕಾರಂತರು 1930ರ ದಶಕದಲ್ಲೇ ಅಲ್ಲಿ ಮಕ್ಕಳನ್ನು ಸೇರಿಸಿ ಆಟ, ನಾಟಕ, ಕಲಿಕೆಯ ಪ್ರಯೋಗ ನಡೆಸಿದ್ದರು. ಕಾರ್ಯಕ್ರಮ ಮೊದಲು ಬಂತು, ಸ್ಮಾರಕ ಆಮೇಲೆ. ಹಾಗಾಗಿ ಆ ಜಾಗಕ್ಕೆ ಏನು ಮಾಡಬೇಕೆಂದು ಯಾರೂ ಹೊಸದಾಗಿ ಕೇಳಬೇಕಿಲ್ಲ.

ಮೈಸೂರು ಯಾದವಗಿರಿಯ ಆರ್.ಕೆ. ನಾರಾಯಣರ ಮನೆಯನ್ನು 2011ರಲ್ಲಿ ಕೆಡವಲು ಹೊರಟಾಗ ಓದುಗರು ಎದ್ದು ನಿಂತು ಉಳಿಸಿಕೊಂಡರು. 2016ರಲ್ಲಿ ಅದು ಬಾಗಿಲು ತೆರೆಯಿತು. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ‘ಸನ್ನಿಸೈಡ್’ 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಯಿತು. ಇನ್ನೊಂದು ಕಡೆ, ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರು ಹುಟ್ಟಿದ ಮನೆ ‘ಗಂಗೋತ್ರಿ’ ಒಮ್ಮೆ ದುರಸ್ತಿ ಕಂಡೂ ಮತ್ತೆ ಹಾಳುಬಿದ್ದದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ವಾರಕ್ಕೊಮ್ಮೆ ನಾಲ್ಕು ಹುಡುಗಿಯರು ಕೂತು ತಂಬೂರಿ ಶ್ರುತಿ ಮಾಡುತ್ತಿದ್ದರೆ ಆ ಮಾಡು ಸೋರುವ ಸುದ್ದಿ ಮೊದಲ ಮಳೆಗೇ ಊರಿಗೆ ತಿಳಿಯುತ್ತಿತ್ತು.

ವಸಾಹತು ಕಾಲದ ಮನೆಯೊಂದರಲ್ಲಿ ವರ್ಷಪೂರ್ತಿ ಕಾರ್ಯಕ್ರಮ ನಡೆಸಬಹುದೆಂಬುದಕ್ಕೆ ನಮ್ಮಲ್ಲೇ ಇರುವ ನಿದರ್ಶನ ಮೈಸೂರಿನ ವೆಲ್ಲಿಂಗ್ಟನ್ ಹೌಸ್. ಟಿಪ್ಪುವಿನ ಪತನದ ಕಾಲದ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿಯ ಹೆಸರು ಹೊತ್ತ ಆ ಕಟ್ಟಡದಲ್ಲಿ ಇಂದಿರಾಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರವಿದೆ. ಕುಶಲಕರ್ಮಿಗಳನ್ನು ಕರೆಸಿ ಅವರಿಂದಲೇ ಕಸುಬು ಹೇಳಿಕೊಡಿಸುವ ಶಿಬಿರ, ಪ್ರದರ್ಶನ, ಉಪನ್ಯಾಸ ಅಲ್ಲಿನ ರೂಢಿ. ದಂಡನಾಯಕನ ಹೆಸರಿನ ಮನೆಯಲ್ಲಿ ಕುಂಬಾರ, ನೇಕಾರ, ಬುಡಕಟ್ಟಿನ ಚಿತ್ರಗಾರರು ಗುರುಗಳಾಗಿ ಕೂರುವುದು ನನಗೆ ಬಹಳ ಹಿಡಿಸಿದ ಸಂಗತಿ.

ಹಾಗಿದ್ದರೆ ಟೇಲರ್ ಮಂಜಿಲ್‌ನಲ್ಲಿ ವರ್ಷವೊಂದನ್ನು ಹೇಗೆ ತುಂಬಬಹುದು? ಸರಕು ಕೊರತೆಯಾಗುವುದಿಲ್ಲ. ಮೊದಲನೆಯದು ಯುಗಾದಿ. ಪಂಚಾಂಗ ಶ್ರವಣದ ಆ ಸಂಜೆ ವೆಂಕಟಪ್ಪನಾಯಕನ ಜಾತಕದ ಪ್ರಸಂಗ ಹೇಳಬೇಕು. 1877ರಲ್ಲಿ ಅಚ್ಚಾದ ಟೇಲರನ ಆತ್ಮಕಥೆಯಲ್ಲಿ ಅದು ಬರುತ್ತದೆ. ರಾಜ ಇಪ್ಪತ್ತನಾಲ್ಕನೆಯ ವರ್ಷ ದಾಟುವುದಿಲ್ಲ ಎಂದು ಜಾತಕ ಬರೆದವರು ಹೇಳಿದ್ದರು. ರಾಣಿ ಈ ಗುಟ್ಟನ್ನು ಟೇಲರನಿಗೆ ತಿಳಿಸಿದ್ದಳು. 1858ರಲ್ಲಿ ಸೆರೆಸಿಕ್ಕ ರಾಜನಿಗೆ ಮರಣದಂಡನೆ ತಪ್ಪಿ, ಕೊನೆಗೆ ನಾಲ್ಕು ವರ್ಷದ ಬಂಧನ ಮಾತ್ರ ಉಳಿದಾಗ ಜಾತಕ ಸುಳ್ಳಾಯಿತೆಂದು ಟೇಲರ್ ನಿಟ್ಟುಸಿರುಬಿಟ್ಟ. ಆದರೆ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ಮೊದಲ ಮಜಲಿನಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹಾರಿಸಿಕೊಂಡ ಎಂಬುದು ಟೇಲರನ ಬರಹ. ಅದನ್ನು ನಂಬದವರು ಅಂದೂ ಇದ್ದರು, ಇಂದೂ ಇದ್ದಾರೆ. ಎರಡೂ ಮಾತು ಒಂದೇ ಸಂಜೆ, ಒಂದೇ ಚಾವಡಿಯಲ್ಲಿ ಕೇಳಿಬರಬೇಕು. ಆ ಮನೆಯಲ್ಲಿ ಬೆಳೆದ ವಾತ್ಸಲ್ಯ ಮತ್ತು ಆ ಮನೆ ಪ್ರತಿನಿಧಿಸಿದ ಅಧಿಕಾರ, ಎರಡರ ಪರಿಚಯವೂ ಕೇಳುಗರಿಗೆ ಆಗ ಆಗುತ್ತದೆ. ಕಪಟರಾಳ ಕೃಷ್ಣರಾಯರು ಬರೆದ ಸುರಪುರ ಸಂಸ್ಥಾನದ ಇತಿಹಾಸವನ್ನು ಪಕ್ಕದಲ್ಲಿಟ್ಟುಕೊಂಡು ಓದಿಸಿದರೆ ಇನ್ನೂ ಒಳ್ಳೆಯದು.

ಬೇಸಿಗೆ ರಜೆ ಮಕ್ಕಳಿಗೆ. ಟೇಲರ್ ಶಾಲೆಯಲ್ಲಿ ಸರ್ವೆ ಕಲಿತವನಲ್ಲ. ಪುಸ್ತಕ ಓದಿ, ತಪ್ಪಿ, ತಿದ್ದಿಕೊಂಡು ಸಂಸ್ಥಾನದ ಜಮೀನು ಅಳೆದವನು. ಹೊಲ ಅಂದರೆ ಪಹಣಿ, ಪಹಣಿ ಅಂದರೆ ಜಗಳ ಎಂದು ಮನೆಯಲ್ಲಿ ಕೇಳಿ ಬೆಳೆದ ಮಕ್ಕಳ ಕೈಗೆ ಸರಪಳಿ ಕೊಟ್ಟು ಶಾಲೆಯ ಬಯಲು ಅಳೆಯಲು ಹಚ್ಚಿ ನೋಡಿ. ಗಣಿತ, ಚರಿತ್ರೆ, ಕಂದಾಯ ಮೂರೂ ಒಂದೇ ಬಿಸಿಲಿನಲ್ಲಿ ಕಲಿತಾರು.

ನನಗೆ ಅತಿ ಹೆಚ್ಚು ಆಸೆಯಿರುವುದು ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹದ ಮೇಲೆ. ಟೇಲರ್ ಈ ಭಾಗದ ಬೃಹತ್‌ಶಿಲಾ ಸಮಾಧಿಗಳನ್ನು ಅಗೆಸಿ, ಮಣ್ಣಿನ ಪದರ ಪದರವನ್ನು ಸೀಳುನೋಟದ ಚಿತ್ರವಾಗಿ ಬರೆದಿಟ್ಟ. ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥ ಪಂಡಿತ ಆ ಚಿತ್ರಗಳನ್ನು ಮೆಚ್ಚಿ ಎತ್ತಿ ಹೇಳಿದ. ಸುರಪುರ ಸೀಮೆಯ ರಾಜನಕೋಳೂರಿನ ಕಲ್ಮನೆಗಳ ಬಗ್ಗೆಯೂ ಟೇಲರ್ ಬರೆದಿದ್ದಾನೆ. ಅದರ ಮುಂದಿನ ಎಳೆಯೆಲ್ಲ ನದಿಯ ಈಚೆಗಿದೆ. ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಗೆ ಬಂದು ಹೋದ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅಲ್ಲಿನ ಗುಡ್ಡದಲ್ಲಿ ಅಶೋಕನ ಹೆಸರು ಹೇಳುವ ಶಾಸನ ಕಂಡ. 1952ರಲ್ಲಿ ಮುದಗಲ್ ಹತ್ತಿರದ ಪಿಕ್ಲಿಹಾಳದಲ್ಲಿ ಆಲ್ಚಿನ್, 1954ರಲ್ಲಿ ಮಸ್ಕಿಯಲ್ಲಿ ಬಿ.ಕೆ. ಥಾಪರ್ ಉತ್ಖನನ ನಡೆಸಿದರು. ಈ ಎಲ್ಲ ಜಾಗಗಳಿಗೂ ಟೇಲರ್ ಮಂಜಿಲ್ ಪೀಠಿಕೆಯಾಗಬಲ್ಲದು. ಪುರಾತತ್ತ್ವ ಇಲಾಖೆ ಶಾಲಾ ಮಕ್ಕಳಿಗಾಗಿ ನಡೆಸುವ ‘ಪ್ರಾಚ್ಯಪ್ರಜ್ಞೆ’ ಇದಕ್ಕೆ ಸಿದ್ಧವಾದ ಚೌಕಟ್ಟು. 2023ರ ‘ನಮ್ಮ ಸ್ಮಾರಕ’ ದತ್ತು ಯೋಜನೆಯೂ ಬಂದ ಮೇಲೆ ಊರವರು ಕೈಜೋಡಿಸಲು ದಾರಿ ತೆರೆದಿದೆ.

ನಡುವಿನ ತಿಂಗಳುಗಳನ್ನು ಸೀಮೆಯ ರೂಢಿಯೇ ತುಂಬುತ್ತದೆ. ಶ್ರಾವಣದಲ್ಲಿ ನಮ್ಮ ಮಠಗಳಲ್ಲಿ ತಿಂಗಳಿಡೀ ಪುರಾಣ ಹೇಳುತ್ತಾರೆ, ಜನ ದಿನವೂ ಬಂದು ಕೂರುತ್ತಾರೆ. ಸುರಪುರದ ವೇಣುಗೋಪಾಲಸ್ವಾಮಿಯ ಹಾಲೋಕುಳಿಗೆ, ಮುದಗಲ್ಲಿನ ಮೊಹರಮ್ಮಿಗೆ ಯಾರೂ ಕರೆಯೋಲೆ ಕಳಿಸುವುದಿಲ್ಲ. ನಿಜಾಮನ ಆಳಿಕೆಯಲ್ಲಿ ದಸರೆಯ ನಾಡಹಬ್ಬದ ನೆಪದಲ್ಲೇ ಕನ್ನಡದ ಭಾಷಣಗಳು ನಡೆದವು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನವನ್ನೇ ನಡೆಸಿತು. ಹೊರಗಿನಿಂದ ಕಲಿಯುವುದು ಬೇಕು, ಆದರೆ ಜನ ಕೂಡುವ ಕಲೆಯನ್ನು ನಾವು ಯಾರಿಂದಲೂ ಎರವಲು ತರಬೇಕಿಲ್ಲ. ದಸರೆಯ ಒಂದು ದಿನ ಸುರಪುರದ ಗರುಡಾದ್ರಿ ಶೈಲಿಯ ಚಿತ್ರಕಾರರದಾಗಲಿ, ಚಿನ್ನದ ರೇಖು ಹಚ್ಚುವುದನ್ನು ಜನ ಹತ್ತಿರದಿಂದ ನೋಡಲಿ. ಚಳಿಗಾಲದ ಒಂದು ಭಾನುವಾರ ಬೋನಾಳ ಕೆರೆಯ ಹಕ್ಕಿಗಳದಾಗಲಿ. ನಾಯಕರ ಕಾಲದ ಆ ಕೆರೆಗೂ ಟೇಲರನ ಹೆಸರು ಅಂಟಿಕೊಂಡಿದೆ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆ ನಿಂತ ಕುಟುಂಬಗಳ ಮಕ್ಕಳಿಗೆ ಈ ಚರಿತ್ರೆ ಮನೆಯ ಮಾತಿನಲ್ಲಿ ಇಲ್ಲ. ಮಕ್ಕಳನ್ನು ಮಂಜಿಲ್‌ಗೆ ಕರೆತರುವ ಬಸ್ಸು ಮೊದಲು ಅವರ ಊರಿಗೆ ಹೋಗಬೇಕು.

ತಂಗುವ ಕೋಣೆಗಳು ತಂಗುವವರಿಗೇ ಇರಲಿ. ಮೊದಲ ವರ್ಷಕ್ಕೆ ಒಂದು ಕೋಣೆ, ಟೇಲರನ ಪುಸ್ತಕಗಳ ಒಂದು ಕಪಾಟು, ಸಮಾಧಿಗಳ ಸೀಳುನೋಟದ ದೊಡ್ಡ ಪ್ರತಿಗಳು, ರಾಜನ ಕುಲದವರಾದ ಬೇಡರ ಮನೆತನಗಳ ಹಿರಿಯರ ಮಾತು ದಾಖಲಿಸಲು ಒಂದು ಧ್ವನಿಮುದ್ರಕ, ಕನ್ನಡ ಉರ್ದು ಎರಡೂ ಬಲ್ಲ ಒಬ್ಬ ಪೂರ್ಣಾವಧಿ ಮೇಲ್ವಿಚಾರಕ ಅಥವಾ ಮೇಲ್ವಿಚಾರಕಿ ಸಾಕು. ವರ್ಷದ ದಿನಗಳನ್ನು ಮುಂಚಿತವಾಗಿ ಅಚ್ಚು ಹಾಕಿಸಿ ಯುಗಾದಿಗೆ ಮೊದಲೇ ಸುರಪುರ, ಲಿಂಗಸುಗೂರು, ಮಸ್ಕಿ, ಸಿಂಧನೂರಿನ ಶಾಲೆಗಳಿಗೆ ತಲುಪಿಸಬೇಕು.