ನಮ್ಮ ನಾಡಿನ ಮರಣಲೇಖಗಳು

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಆ ದಿನದ ಮಾಸ, ಪಕ್ಷ, ತಿಥಿಗಳನ್ನು ನೆನಪಿನಲ್ಲಿಡುವುದು ನಮ್ಮವರ ಪದ್ಧತಿ. ಇಸವಿಯನ್ನು ನೆನೆಯುವವರು ವಿರಳ. ತಿಥಿಯು ವರ್ಷವರ್ಷವೂ ಮರಳಿ ಬರುವುದರಿಂದ ಶ್ರಾದ್ಧಕ್ಕೆ ಅಷ್ಟೇ ಸಾಕಾಗುವುದು. ವರ್ಷದ ಗಣನೆಯಾದರೋ ಮೂರನೆಯ ತಲೆಮಾರಿಗೆ ಅಳಿಸಿಹೋಗುವುದು. ಚರಿತ್ರಕಾರನಿಗೆ ಬೇಕಾದುದು ಇಸವಿ. ಮಗನಿಗೆ ಬೇಕಾದುದು ತಿಥಿ. ಗಂಡನ ಹೆಸರಿನ ಖಾತೆಯನ್ನು ಬದಲಾಯಿಸಬೇಕಾದ ವಿಧವೆಗೆ ಬೇಕಾದುದು ಸರ್ಕಾರದ ಮೊಹರುಳ್ಳ ಪತ್ರ. ಈ ಮೂರೂ ಒಂದೆಡೆ ದೊರೆಯುವುದು ದುರ್ಲಭ. ಇಂಥ ಲೇಖಗಳು ನಮ್ಮ ನಾಡಿನಲ್ಲಿ ಬೆಳೆದು ಬಂದ ಕ್ರಮವನ್ನೂ, ಅವುಗಳನ್ನು ಅರಸುವ ಬಗೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮರಣವನ್ನು ಬರೆದಿಡುವ ವಾಡಿಕೆ ಕನ್ನಡನಾಡಿಗೆ ಹೊಸತಲ್ಲ. ಶ್ರವಣಬೆಳಗೊಳದ ಐನೂರಕ್ಕೂ ಮಿಕ್ಕ ಶಾಸನಗಳಲ್ಲಿ ಹಲವು ಸಮಾಧಿಮರಣವನ್ನು ಹೊಂದಿದವರ ನಿಷಿಧಿಲೇಖಗಳು. ಅವುಗಳನ್ನು ಬಿ. ಎಲ್. ರೈಸ್ ಅವರು ೧೮೮೯ರಲ್ಲಿಯೂ, ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ ೧೯೨೩ರಲ್ಲಿಯೂ ಪ್ರಕಟಿಸಿ ಉಪಕರಿಸಿದ್ದಾರೆ. ರಾಷ್ಟ್ರಕೂಟರ ಕೊನೆಯ ಅರಸನಾದ ನಾಲ್ಕನೆಯ ಇಂದ್ರನು ಶಕ ೯೦೪ರಲ್ಲಿ, ಎಂದರೆ ಕ್ರಿ. ಶ. ೯೮೨ರಲ್ಲಿ, ಅಲ್ಲಿ ದೇಹತ್ಯಾಗ ಮಾಡಿದುದು ಅಂಥ ಒಂದು ಲೇಖದಿಂದಲೇ ನಮಗೆ ತಿಳಿದಿರುವುದು. ಊರ ತುರುಗಳನ್ನು ಮರಳಿಸಲು ಹೋರಾಡಿ ಮಡಿದವರಿಗೆ ವೀರಗಲ್ಲು, ಗಂಡನ ಚಿತೆಯೇರಿದವರಿಗೆ ಮಾಸ್ತಿಗಲ್ಲು. ಬೇಗೂರಿನ ಶಾಸನವು ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ಹೆಸರನ್ನು ಉಳಿಸಿ, ಆ ಮೂಲಕ ಊರಿನ ಹೆಸರನ್ನೂ ಉಳಿಸಿಕೊಟ್ಟಿತು. ಶಕ ೮೭೨ರ ಆತಕೂರಿನ ಕಲ್ಲಾದರೋ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ನಾಯಿಯ ಮರಣವನ್ನು ಸಹ ದಾಖಲಿಸಿದೆ.

ಆದರೆ ಇವೆಲ್ಲವೂ ಅಸಾಧಾರಣ ಮರಣಗಳು. ಜ್ವರದಿಂದ ಸತ್ತ ಒಕ್ಕಲಿಗನಿಗೂ, ಹೆರಿಗೆಯಲ್ಲಿ ಸತ್ತ ಹೆಣ್ಣಿಗೂ ಕಲ್ಲು ನೆಟ್ಟವರಿಲ್ಲ. ಆತಕೂರಿನ ನಾಯಿಗೆ ದೊರೆತ ಅಕ್ಷರಭಾಗ್ಯ ಕೋಟ್ಯಂತರ ಮಾನವರಿಗೆ ದೊರೆಯಲಿಲ್ಲ.

ಸಾಮಾನ್ಯರ ಮರಣ ಬರೆಹಕ್ಕೆ ಬಂದುದು ಆಂಗ್ಲರ ಆಳ್ವಿಕೆಯ ಕಾಲದಲ್ಲಿ. ಅದೂ ವ್ಯಕ್ತಿಯ ಸ್ಮರಣೆಗಾಗಿ ಅಲ್ಲ, ಸಂಖ್ಯೆಗಾಗಿ. ಸಂಖ್ಯೆಯ ಅಗತ್ಯವೆಷ್ಟೆಂಬುದಕ್ಕೆ ಮೈಸೂರು ಸಂಸ್ಥಾನದ ಧಾತು–ಈಶ್ವರ ವರ್ಷಗಳ ಕ್ಷಾಮವೇ ನಿದರ್ಶನ. ೧೮೭೧ರ ಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ ೫೦ ಲಕ್ಷ ೫೫ ಸಾವಿರವಿದ್ದುದು, ೧೮೮೧ರ ಗಣತಿಯಲ್ಲಿ ೪೧ ಲಕ್ಷ ೮೬ ಸಾವಿರಕ್ಕೆ ಇಳಿಯಿತು. ೧೮೭೬–೭೮ರ ಆ ಕ್ಷಾಮದಲ್ಲಿ ಅಳಿದವರಲ್ಲಿ ಬಹುಮಂದಿಯ ಹೆಸರು ಎಲ್ಲಿಯೂ ಇಲ್ಲ. ಎರಡು ಗಣತಿಗಳ ನಡುವಣ ಎಂಟೂವರೆ ಲಕ್ಷಕ್ಕೂ ಮೀರಿದ ಕೊರತೆಯೇ ಅವರ ಮರಣಲೇಖ. ೧೮೮೬ರಲ್ಲಿ ಜನನ, ಮರಣ, ವಿವಾಹಗಳ ನೋಂದಣಿಗೆ ಒಂದು ಕಾಯಿದೆಯಾಯಿತಾದರೂ ಅದು ಇಷ್ಟವಿದ್ದವರಿಗೆ ಮಾತ್ರ. ದಕ್ಷಿಣ ಕನ್ನಡವೂ ಬಳ್ಳಾರಿಯೂ ಆಗ ಸೇರಿದ್ದ ಮದರಾಸು ಆಧಿಪತ್ಯದಲ್ಲಿ ೧೮೯೯ರಲ್ಲಿ ಪ್ರತ್ಯೇಕ ಕಾಯಿದೆಯಾಯಿತು. ಹಳ್ಳಿಗಳಲ್ಲಿ ಪಟೇಲ ಶಾನುಭೋಗರ ಕೈಬರೆಹದ ಪುಸ್ತಕಗಳೇ ಆಧಾರ. ಕಾರಣದ ಅಂಕಣದಲ್ಲಿ ಜ್ವರ, ವಾಂತಿಭೇದಿ, ಸಿಡುಬು, ಹಾವು ಕಚ್ಚಿದ್ದು ಎಂಬಿಷ್ಟೇ ಮಾತುಗಳು. ಮೇಲಿನ ಕಚೇರಿಗೆ ಹೋಗುತ್ತಿದ್ದುದು ಮೊತ್ತ ಮಾತ್ರ; ಹೆಸರುಗಳು ಊರಿನ ಪುಸ್ತಕದಲ್ಲಿಯೇ ಉಳಿದು, ಹಲವೆಡೆ ಗೆದ್ದಲಿನ ಪಾಲಾದುವು.

ಈ ವಿಷಯದಲ್ಲಿ ನನಗೆ ಆಸ್ಥೆ ಹುಟ್ಟಿದುದು ಸ್ವಂತದ ಕಾರಣದಿಂದ. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಹರಡಿದಾಗ ನಮ್ಮ ತಂದೆಯವರು ಒಂದು ವರ್ಷದ ಕೂಸು. ಅವರ ತಾಯಿ ಆ ಜ್ವರದಲ್ಲಿ ತೀರಿಕೊಂಡರು. ಅದೇ ವಾರದಲ್ಲಿ ಮನೆಯ ಇನ್ನಿಬ್ಬರು ಹಿರಿಯರೂ ಹೋದುದರಿಂದ ತಿಥಿಯನ್ನು ನೆನೆದು ಹೇಳುವವರೇ ಉಳಿಯಲಿಲ್ಲ. ಮೃತತಿಥಿಯನ್ನು ಅರಿಯದವರು ಅಮಾವಾಸ್ಯೆಯಂದು ಶ್ರಾದ್ಧ ಮಾಡಬಹುದೆಂದು ಧರ್ಮಶಾಸ್ತ್ರಕಾರರು ದಾರಿ ತೋರಿಸಿದ್ದಾರೆ. ತಂದೆಯವರು ಹಾಗೆಯೇ ಮಾಡುತ್ತಿದ್ದರು. ಆದರೂ ಪಿಂಡವನ್ನಿಡುವಾಗ ಪ್ರತಿಸಲವೂ, “ನಮ್ಮಮ್ಮನ ದಿನ ಯಾವುದೋ” ಎನ್ನುತ್ತಿದ್ದರು.

೧೯೯೦ರಲ್ಲಿ, ನಾನು ಉಪಾಧ್ಯಾಯನಾಗಿದ್ದಾಗ, ಒಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆನು. ಮೊದಲ ಸಲ ಪುಸ್ತಕವೇ ಇಲ್ಲವೆಂದರು. ಎರಡನೆಯ ಸಲ ಬೀಗದ ಕೈ ಇಲ್ಲವೆಂದರು. ಮೂರನೆಯ ಸಲ ವೃದ್ಧ ಗುಮಾಸ್ತರೊಬ್ಬರು ಕನಿಕರಿಸಿ ಕಟ್ಟನ್ನು ಬಿಚ್ಚಿದರು. ಅಜ್ಜಿಯ ಹೆಸರನ್ನು ಹಿಡಿದು ಹುಡುಕಿದೆವು, ಸಿಕ್ಕಲಿಲ್ಲ. ಆಮೇಲೆ ಅಜ್ಜನ ಹೆಸರನ್ನು ಹಿಡಿದು ನೋಡಲು, ಅಕ್ಟೋಬರ್ ತಿಂಗಳ ಕೊನೆಯಲ್ಲಿ ‘ಇಂಥವರ ಹೆಂಡತಿ, ವಯಸ್ಸು ೧೯, ಜ್ವರ’ ಎಂದಿತ್ತು. ಆಕೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು. ಅದೇ ಪುಟದಲ್ಲಿ ನಮ್ಮ ಬೀದಿಯ ನಾಲ್ಕು ಮನೆಗಳವರಿದ್ದರು, ಹೆಂಗಸರಾರಿಗೂ ಹೆಸರಿರಲಿಲ್ಲ.

ನಕಲನ್ನು ತಂದು ತಂದೆಯವರ ಕೈಯಲ್ಲಿಟ್ಟೆನು. ತಾರೀಖನ್ನು ಪಂಚಾಂಗದೊಡನೆ ಹೊಂದಿಸಲು, ಕಾಳಯುಕ್ತಿ ಸಂವತ್ಸರದ ಆಶ್ವಯುಜ ಬಹುಳದ ತಿಥಿಯೊಂದು ಬಂದಿತು. ಪುಸ್ತಕದ ತಾರೀಖು ಮರಣದ ದಿನವೋ ಪಟೇಲನಿಗೆ ವರದಿ ಮುಟ್ಟಿದ ದಿನವೋ ನಿಶ್ಚಯವಿಲ್ಲ. ಮರಣದ ವೇಳೆಯೂ ಬರೆದಿಲ್ಲವಾದ್ದರಿಂದ ತಿಥಿ ಒಂದು ಆಚೀಚೆಯಾದೀತು ಎಂದು ವಿನಯದಿಂದ ತಿಳಿಸಿದೆನು. ಎಪ್ಪತ್ತಮೂರು ವರ್ಷದ ಆ ವೃದ್ಧರು ಕಾಗದವನ್ನು ಎರಡು ಸಲ ಓದಿ, “ಹೆಸರು ನನಗೆ ಗೊತ್ತಿದೆ, ದಿನ ಇದರಲ್ಲಿದೆ, ಸಾಕು” ಎಂದರು. ಆ ಮೇಲೆ ಅವರು ಬದುಕಿದ್ದ ಎಂಟು ವರ್ಷವೂ ಆ ತಿಥಿಯಂದೇ ತಾಯಿಯ ಶ್ರಾದ್ಧವನ್ನು ನಡೆಸಿದರು.

ಈಗಿನ ವ್ಯವಸ್ಥೆಯು ೧೯೬೯ರ ಜನನ ಮರಣ ನೋಂದಣಿ ಅಧಿನಿಯಮವನ್ನು ಆಧರಿಸಿದೆ. ಮರಣವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುವುದು. ಮೃತರ ಸ್ವಂತ ಊರಿನಲ್ಲಿ ಅಲ್ಲ. ಹಳ್ಳಿಯ ಮನುಷ್ಯ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಪಟ್ಟಣದಲ್ಲಿಯೇ ವಿಚಾರಿಸಬೇಕು. ಇದನ್ನು ಅರಿಯದೆ ಅಲೆದವರನ್ನು ಬಹುಮಂದಿ ಕಂಡಿದ್ದೇನೆ. ಅರ್ಜಿಯಲ್ಲಿ ಮೃತರ ಹೆಸರು, ತಂದೆಯ ಅಥವಾ ಗಂಡನ ಹೆಸರು, ಸ್ಥಳ, ಅಂದಾಜಿನ ವರ್ಷ ಇವಿಷ್ಟನ್ನು ಬರೆದು, ಗೊತ್ತಾದ ಶುಲ್ಕವನ್ನು ತೆತ್ತರೆ, ಯಾರು ಬೇಕಾದರೂ ಪುಸ್ತಕವನ್ನು ಶೋಧಿಸುವಂತೆ ಕೇಳಿ ನಕಲು ಪಡೆಯಬಹುದು. ಆ ನಕಲಿನಲ್ಲಿ ಮರಣದ ಕಾರಣವನ್ನು ತಿಳಿಸುವುದಿಲ್ಲ. ದಾಖಲೆ ಇಲ್ಲದಿದ್ದರೆ ಇಲ್ಲವೆಂಬ ಪತ್ರವನ್ನು ಬರೆಯಿಸಿಕೊಳ್ಳಬೇಕು. ಮುಂದಿನ ಕೆಲಸಕ್ಕೆಲ್ಲ ಅದೇ ಮೊದಲ ಮೆಟ್ಟಲು. ೨೧ ದಿನಗಳೊಳಗೆ ತಿಳಿಸಿದರೆ ತಡವಿನ ಶುಲ್ಕವಿಲ್ಲ. ೩೦ ದಿನಗಳವರೆಗೆ ಶುಲ್ಕ. ಒಂದು ವರ್ಷದವರೆಗೆ ಅಧಿಕಾರಿಯ ಅನುಮತಿ. ವರ್ಷ ಕಳೆದ ಮೇಲೆ ಮೊದಲು ನ್ಯಾಯಾಲಯದ ಮ್ಯಾಜಿಸ್ಟ್ರೇಟರ ಆಜ್ಞೆ ಬೇಕಾಗಿದ್ದಿತು. ೨೦೨೩ರ ತಿದ್ದುಪಡಿಯು ಆ ವರ್ಷದ ಅಕ್ಟೋಬರ್ ೧ರಿಂದ ಜಾರಿಗೆ ಬಂದು, ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು ಮೊದಲಾದ ಆಡಳಿತದ ಮ್ಯಾಜಿಸ್ಟ್ರೇಟರಿಗೆ ವಹಿಸಿದೆ.

ಹಳೆಯ ಕಾಲದ ಮರಣವನ್ನು ಅರಸುವವರು ನೋಂದಣಿ ಪುಸ್ತಕವೊಂದನ್ನೇ ನೆಚ್ಚಬಾರದು. ಕಂದಾಯ ಇಲಾಖೆಯ ಪೌತಿ ಖಾತೆಯ ಕಡತಗಳು ಬಹಳ ಉಪಯುಕ್ತ. ಪೌತಿ ಎಂದರೆ ಮರಣವೇ. ಜಮೀನುದಾರನು ಸತ್ತು ವಾರಸುದಾರರಿಗೆ ಖಾತೆಯಾದ ವರ್ಷವು ಅಲ್ಲಿ ಸಿಕ್ಕುವುದು. ಇಗರ್ಜಿಗಳ ಸಮಾಧಿ ಪುಸ್ತಕ, ಕಾಶಿ ಗಯೆಗಳ ಪಂಡರ ವಹಿಗಳು, ಮನೆಯ ಹಳೆಯ ಪಂಚಾಂಗದ ಅಂಚಿನ ಬರೆಹ, ಇವೂ ಸಾಕ್ಷಿಗಳೇ. ಭೂಮಿಯಿಲ್ಲದವರ ಮರಣಕ್ಕೆ ಮಾತ್ರ ಈ ಸಾಕ್ಷಿಗಳಲ್ಲಿ ಬಹುತೇಕ ಒಂದೂ ಇಲ್ಲ; ಅವರಿಗೆ ನೋಂದಣಿ ಪುಸ್ತಕವೇ ಏಕೈಕ ಶಿಲಾಶಾಸನ.

ಆದ್ದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ನೆರೆಯಲ್ಲಿ ಮರಣ ಸಂಭವಿಸಿದಾಗ, ದುಃಖದಲ್ಲಿರುವ ಆ ಮನೆಯವರಿಗೆ ೨೧ ದಿನಗಳ ಅವಧಿಯನ್ನು ಮೆಲ್ಲನೆ ನೆನಪಿಸಿರಿ. ಓದು ಬಾರದವರಿದ್ದರೆ ಜೊತೆಯಲ್ಲಿ ಹೋಗಿ ಬರೆಯಿಸಿರಿ. ಹೆಂಗಸರಾದರೆ ಅವರ ಸ್ವಂತ ಹೆಸರನ್ನು ಪೂರ್ಣವಾಗಿ ಬರೆಯಿಸಿ, ಅಕ್ಷರ ಸರಿಯಿದೆಯೇ ಎಂದು ಅಲ್ಲಿಯೇ ಓದಿ ನೋಡಿರಿ. ನೂರು ವರ್ಷದ ಮೇಲೆ ಆ ಹೆಸರನ್ನು ಹುಡುಕಿಕೊಂಡು ಯಾರಾದರೂ ಬಂದಾರು.