ಮಿಂಚಿನ ಛಾಯಾಚಿತ್ರ: ಹವ್ಯಾಸಿಗಳ ಸಾಕ್ಷ್ಯವೂ ವಿಜ್ಞಾನದ ಶೋಧವೂ

ಬಿರುಮಳೆಯ ಆಕಾಶದಲ್ಲಿ ನಡೆಯುವ ಒಂದೇ ಘಟನೆಗೆ ಕನ್ನಡದಲ್ಲಿ ಮೂರು ಹೆಸರುಗಳಿವೆ. ಕಣ್ಣಿಗೆ ಕಾಣುವುದು ಮಿಂಚು, ಕಿವಿಗೆ ಕೇಳುವುದು ಗುಡುಗು, ನೆಲಕ್ಕೆ ಬಂದು ಬಡಿಯುವುದು ಸಿಡಿಲು. ಇವುಗಳಲ್ಲಿ ಮೊದಲನೆಯದರ ಆಕೃತಿ ಎಂತಹದು ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಇತ್ಯರ್ಥವಾಗದೆ ಉಳಿದಿತ್ತು. ಅದನ್ನು ಇತ್ಯರ್ಥಗೊಳಿಸಿದ ಸಾಕ್ಷ್ಯವು ಪ್ರಯೋಗಶಾಲೆಯಿಂದ ಬರಲಿಲ್ಲ. ತಮ್ಮ ಮನೆಯ ಮಾಳಿಗೆಯ ಮೇಲೋ ಕಿಟಕಿಯ ಬಳಿಯೋ ಕ್ಯಾಮೆರಾ ಇರಿಸಿಕೊಂಡು, ಸ್ವಂತ ಖರ್ಚಿನಲ್ಲಿ, ಯಾವ ನಿಯೋಜನೆಯೂ ಇಲ್ಲದೆ ಬಿರುಮಳೆಗೆ ಕಾದು ಕುಳಿತವರಿಂದ ಬಂದಿತು. ಅವರು ಒದಗಿಸಿದ ಚಿತ್ರಗಳಷ್ಟೇ ಅಲ್ಲ, ಅವರ ಚಿತ್ರಗಳಲ್ಲಿ ಕಂಡ ದೋಷಗಳೂ ವಿಜ್ಞಾನಕ್ಕೆ ದಾರಿಯಾದವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಛಾಯಾಚಿತ್ರಕ್ಕೆ ಮುನ್ನ ಮಿಂಚನ್ನು ಅರಿಯುವುದೆಂದರೆ ಅದನ್ನು ಹತ್ತಿರಕ್ಕೆ ಬರಮಾಡಿಕೊಳ್ಳುವುದಾಗಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಅವರ 1752ರ ಗಾಳಿಪಟದ ಪ್ರಯೋಗ ಎಲ್ಲರಿಗೂ ತಿಳಿದದ್ದೇ. ಮರುವರ್ಷ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅದೇ ಬಗೆಯ ಪರೀಕ್ಷೆಗೆ ತೊಡಗಿದ ಗೇಯಾರ್ಗ್ ರಿಖ್‌ಮನ್ ಸಿಡಿಲಿಗೆ ಬಲಿಯಾದರು. ಅವರು ಘಟನೆಯನ್ನು ದಾಖಲಿಸಲೆಂದು ಅಕಾಡೆಮಿಯ ಕೆತ್ತನೆಗಾರನೊಬ್ಬನನ್ನು ಜೊತೆಗೆ ಕರೆದೊಯ್ದಿದ್ದರೆಂಬುದು ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟದ್ದು. ಮಿಂಚಿನ ಚಿತ್ರ ಬೇಕೆಂಬ ಹಂಬಲ ಕ್ಯಾಮೆರಾಕ್ಕಿಂತ ಹಳೆಯದು.

ಆದರೆ ಕೈಯಿಂದ ಬರೆದ ಚಿತ್ರವು ಕಣ್ಣು ಕಂಡದ್ದಕ್ಕಿಂತ ಹೆಚ್ಚಾಗಿ ರೂಢಿ ಹೇಳಿದ್ದನ್ನೇ ಅನುಸರಿಸುತ್ತಿತ್ತು. ಯುರೋಪಿನ ಚಿತ್ರಕಾರರು ಮಿಂಚನ್ನು ಚೂಪಾದ ಕೋನಗಳುಳ್ಳ ಅಂಕುಡೊಂಕು ಗೆರೆಯಾಗಿ ಬರೆಯುತ್ತಿದ್ದರು. ಉಗಿ ಸುತ್ತಿಗೆಯ ನಿರ್ಮಾಪಕರೆಂದು ಹೆಸರಾದ ಜೇಮ್ಸ್ ನಾಸ್ಮಿತ್ 1856ರಲ್ಲಿ ಬ್ರಿಟಿಷ್ ಅಸೋಸಿಯೇಷನ್ನಿನ ಸಮ್ಮೇಳನದಲ್ಲಿ ಈ ರೂಢಿಯನ್ನು ಪ್ರಶ್ನಿಸಿದರು. ತಾವು ಕಂಡ ಮಿಂಚುಗಳಲ್ಲಿ ಇಂತಹ ಕೋನಗಳಿಲ್ಲ, ಇದು ಪ್ರಾಚೀನ ಗ್ರೀಕ್ ಶಿಲ್ಪಿಗಳು ದೇವರಾಜನ ಕೈಗಿತ್ತ ಆಯುಧದಿಂದ ಬಂದ ಆಕೃತಿಯಿರಬೇಕು ಎಂಬುದು ಅವರ ಊಹೆ. ನಾಸ್ಮಿತ್ ಸ್ವತಃ ಚಿತ್ರಕಾರರ ಮಗ. ಆದ್ದರಿಂದ ಈ ಆಕ್ಷೇಪಕ್ಕೆ ಒಂದು ವಿಶೇಷ ತೂಕವಿದೆ. ಭಾರತೀಯ ಕಾವ್ಯಪರಂಪರೆ ಇದನ್ನು ವಿದ್ಯುಲ್ಲತೆ ಎಂದು ಕರೆದಿದೆ. ಕನ್ನಡದಲ್ಲಿ ಅದು ಮಿಂಚಿನ ಬಳ್ಳಿಯಾಗಿದೆ. ಬಳ್ಳಿಯ ಬಳುಕು, ಕವಲು, ಕುಡಿಗಳು ಮುಂದೆ ಗಾಜಿನ ಫಲಕದ ಮೇಲೆ ಮೂಡಿದ ಆಕೃತಿಗೆ ಬಹಳ ಹತ್ತಿರವಾಗಿವೆ. ಇದರಿಂದ ನಮ್ಮ ಕವಿಗಳು ವಿಜ್ಞಾನವನ್ನು ಮೊದಲೇ ಕಂಡಿದ್ದರೆಂದು ಸಾಧಿಸಹೊರಡುವುದು ಸರಿಯಲ್ಲ. ಉಪಮೆಯು ಚೆನ್ನಾಗಿ ನೋಡಿದ್ದರ ಫಲ, ಪುರಾವೆಯಲ್ಲ.

ಪುರಾವೆ ದೊರೆಯಲು ತಂತ್ರವು ಮಾಗಬೇಕಾಗಿತ್ತು. ಅಮೆರಿಕದ ಸೇಂಟ್ ಲೂಯಿಸ್ ನಗರದ ವೃತ್ತಿನಿರತ ಛಾಯಾಗ್ರಾಹಕ ಥಾಮಸ್ ಈಸ್ಟರ್ಲಿ 1847ರ ಜೂನ್ 18ರಂದು ಡಾಗೆರೋಟೈಪ್ ವಿಧಾನದಲ್ಲಿ ಮಿಂಚನ್ನು ಹಿಡಿದರೆಂದು ದಾಖಲೆಯಿದೆ. ಅದು ಒಂಟಿ ಸಾಧನೆಯಾಗಿಯೇ ಉಳಿಯಿತು. ಅನಂತರ ಬಳಕೆಗೆ ಬಂದ ಆರ್ದ್ರ ಕೊಲೋಡಿಯನ್ ಫಲಕವನ್ನು ಲೇಪನ ಒಣಗುವುದರೊಳಗೆ ಬೆಳಕಿಗೆ ಒಡ್ಡಿ ಸಂಸ್ಕರಿಸಬೇಕಾಗಿತ್ತು. ಬಿರುಮಳೆಯಾದರೋ ಹೇಳಿದ ಹೊತ್ತಿಗೆ ಬರುವಂತಹುದಲ್ಲ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು ಜೆಲಟಿನ್ ಲೇಪನದ ಒಣ ಫಲಕದ ವಿಧಾನವನ್ನು ಪ್ರಕಟಿಸಿದರು. ಆ ದಶಕದ ಕೊನೆಗೆ ಅದರ ಸಂವೇದನೆ ಹೆಚ್ಚಿ, ಸಿದ್ಧ ಫಲಕಗಳು ಮಾರುಕಟ್ಟೆಗೆ ಬಂದವು. ಇದರ ಪರಿಣಾಮ ಸರಳವಾದುದು, ಆದರೆ ನಿರ್ಣಾಯಕವಾದುದು. ಫಲಕವನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿರಿಸಿ, ಮೋಡ ಕವಿದ ರಾತ್ರಿ ಕ್ಯಾಮೆರಾಕ್ಕೆ ಸೇರಿಸಿ, ಮಸೂರದ ಮುಚ್ಚಳ ತೆಗೆದು ಕಾಯಬಹುದಾಗಿತ್ತು. ಕತ್ತಲೆಯಲ್ಲಿ ತೆರೆದಿಟ್ಟ ಫಲಕಕ್ಕೆ ಏನೂ ಆಗದು. ಮಿಂಚು ತಾನೇ ಬೆಳಕನ್ನಿತ್ತು ತನ್ನ ಚಿತ್ರವನ್ನು ತಾನೇ ಬರೆದುಕೊಳ್ಳುತ್ತದೆ. ಗುಂಡಿಯೊತ್ತುವ ಚುರುಕು ಇಲ್ಲಿ ಬೇಕಿಲ್ಲ, ತಾಳ್ಮೆ ಬೇಕು. ಇಂದಿನ ಡಿಜಿಟಲ್ ಕ್ಯಾಮೆರಾದವರೂ ರಾತ್ರಿಯ ಮಿಂಚಿಗೆ ಬಹುಮಟ್ಟಿಗೆ ಇದೇ ಕ್ರಮವನ್ನು ಅನುಸರಿಸುತ್ತಾರೆ.

1882ರ ಸೆಪ್ಟೆಂಬರ್ 2ರಂದು ಫಿಲಡೆಲ್ಫಿಯಾದಲ್ಲಿ ವಿಲಿಯಂ ಎನ್. ಜೆನ್ನಿಂಗ್ಸ್ ಪಡೆದ ಚಿತ್ರವು ಈ ಹಿನ್ನೆಲೆಯಲ್ಲಿ ಬಂದುದು. ಇಂಗ್ಲೆಂಡಿನಲ್ಲಿ ಹುಟ್ಟಿ ಫ್ರಾಂಕ್ಲಿನ್ನರ ಊರಿನಲ್ಲಿ ನೆಲೆಸಿದ ಈ ಯುವಕ ವಿಜ್ಞಾನಿಯಲ್ಲ. ಚಿತ್ರಕಾರರ ಅಂಕುಡೊಂಕು ಗೆರೆ ನಿಜವೇ ಎಂಬ ಸಂದೇಹವೇ ಅವರನ್ನು ಮತ್ತೆ ಮತ್ತೆ ಕ್ಯಾಮೆರಾ ಹೂಡುವಂತೆ ಮಾಡಿತು. ಅವರ ಫಲಕದಲ್ಲಿ ಕಂಡದ್ದು ನದಿಯ ನಕ್ಷೆಯಂತೆ ಕವಲೊಡೆದ, ಎಲ್ಲಿಯೂ ಕೋನವಿಲ್ಲದ ರೇಖೆ. ಮೊದಲಿಗರು ಯಾರೆಂಬ ವಾದದಲ್ಲಿ ಈಸ್ಟರ್ಲಿ ಮತ್ತು ಜೆನ್ನಿಂಗ್ಸ್ ಹೆಸರುಗಳನ್ನು ಎದುರುಬದುರು ನಿಲ್ಲಿಸುವುದುಂಟು. ಈ ವಾದದಿಂದ ಹೆಚ್ಚು ಪ್ರಯೋಜನ ಕಾಣುವುದಿಲ್ಲ. ಈಸ್ಟರ್ಲಿ ಅವರದು ಒಂದು ಅಚ್ಚರಿ. ಜೆನ್ನಿಂಗ್ಸ್ ಅವರದು ಒಂದು ಪ್ರಶ್ನೆಗೆ ಉತ್ತರ.

ಬಿಡಿ ಚಿತ್ರಗಳು ಸಂಗ್ರಹವಾಗಿ ಮಾರ್ಪಟ್ಟದ್ದು ಲಂಡನ್ನಿನ ರಾಯಲ್ ಮೀಟಿಯೊರಲಾಜಿಕಲ್ ಸೊಸೈಟಿಯ ಪ್ರಯತ್ನದಿಂದ. 1887ರಲ್ಲಿ ಸೊಸೈಟಿಯು ಮಿಂಚಿನ ಛಾಯಾಚಿತ್ರಗಳನ್ನು ಕಳುಹಿಸುವಂತೆ ಕೋರಿ ಸುತ್ತೋಲೆ ಹೊರಡಿಸಿತು. ಇದರಲ್ಲಿ ಹೇಳಿಕೊಳ್ಳುವಂತಹ ಕಷ್ಟವೇನೂ ಇಲ್ಲ, ವೇಗದ ಫಲಕವನ್ನಿರಿಸಿ ಮಸೂರವನ್ನು ಪೂರ್ತಿಯಾಗಿ ತೆರೆದಿಟ್ಟರೆ ಸಾಕು, ಮಿಂಚು ಕ್ಯಾಮೆರಾದ ನೋಟದೊಳಗೆ ಬೀಳುವುದೋ ಇಲ್ಲವೋ ಎಂಬ ಅನಿಶ್ಚಿತತೆ ಮಾತ್ರ ಇದೆ ಎಂದು ಅದು ಹವ್ಯಾಸಿಗಳಿಗೆ ಧೈರ್ಯ ಹೇಳಿತು. ಬಂದ ಚಿತ್ರಗಳನ್ನು ಆಧರಿಸಿ ರಾಲ್ಫ್ ಅಬರ್‌ಕ್ರಾಂಬಿ 1888ರಲ್ಲಿ ವರದಿ ಸಿದ್ಧಪಡಿಸಿದರು. ಧಾರೆಯಂತಹುದು, ಬಳುಕುವುದು, ಕವಲೊಡೆದುದು, ಅಲೆದಾಡುವುದು, ಮಣಿಸರದಂತಹುದು, ಪಟ್ಟಿಯಂತಹುದು ಎಂದು ಮಿಂಚಿನ ಬಗೆಗಳನ್ನು ಅಲ್ಲಿ ವಿಂಗಡಿಸಲಾಯಿತು. ಚಿತ್ರಕಾರರ ಅಂಕುಡೊಂಕು ಗೆರೆಗೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ.

ವಿವಾದ ಇಲ್ಲಿಗೆ ಮುಗಿಯಲಿಲ್ಲ. ನಿಜವಾದ ವಿವಾದ ಆರಂಭವಾದುದೇ ಇಲ್ಲಿಂದ. ಚಿತ್ರಕಾರನ ಕೈ ತಪ್ಪಬಹುದಾದರೆ ಫಲಕವೂ ತಪ್ಪಲಾರದೇ? ಕೆಲವು ಹವ್ಯಾಸಿಗಳ ಚಿತ್ರಗಳಲ್ಲಿ ಬಿಳಿಯ ಮಿಂಚಿನ ಪಕ್ಕದಲ್ಲಿಯೇ ಕಪ್ಪು ಮಿಂಚು ಕಾಣಿಸಿಕೊಂಡಿತ್ತು. ಕತ್ತಲೆಯನ್ನು ಸೂಸುವ ಮಿಂಚೊಂದು ಆಕಾಶದಲ್ಲಿದೆಯೇ ಎಂಬ ಜಿಜ್ಞಾಸೆ ಎದ್ದಿತು. ಆರ್ಥರ್ ಕ್ಲೇಡನ್ 1889ರಲ್ಲಿ ವಿದ್ಯುತ್ ಕಿಡಿಗಳ ಚಿತ್ರ ತೆಗೆದು ಉತ್ತರ ಕಂಡುಕೊಂಡರು. ಅತ್ಯಲ್ಪ ಕಾಲದ ಪ್ರಖರ ಬೆಳಕು ಬಿದ್ದ ಫಲಕದ ಮೇಲೆ ಅನಂತರ ಮಂದವಾದ ಹರಡಿದ ಬೆಳಕು ಬಿದ್ದರೆ ಮೊದಲಿನ ಚಿತ್ರ ತಿರುವುಮುರುವಾಗಿ ಕಪ್ಪಾಗುತ್ತದೆ. ತೆರೆದಿಟ್ಟ ಫಲಕದ ಮೇಲೆ ಇನ್ನೊಂದು ಮಿಂಚಿನಿಂದ ಬೆಳಗಿದ ಮೋಡದ ಬೆಳಕು ಬಿದ್ದಾಗ ಆಗುವುದು ಇದೇ. ಮುಂದೆ ಆರ್. ಡಬ್ಲ್ಯು. ವುಡ್ ಇದಕ್ಕೆ ಕ್ಲೇಡನ್ ಪರಿಣಾಮವೆಂಬ ಹೆಸರಿಟ್ಟರು. ಕಪ್ಪು ಮಿಂಚು ಆಕಾಶದ್ದಾಗಿರಲಿಲ್ಲ, ಫಲಕದ್ದಾಗಿತ್ತು.

ಪಟ್ಟಿಯಂತಹ ಮಿಂಚಿನ ಕಥೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಅಗಲವಾದ, ಒಂದರ ಪಕ್ಕದಲ್ಲೊಂದು ಗೆರೆ ಎಳೆದಂತಿದ್ದ ಈ ಚಿತ್ರಗಳನ್ನು ಕ್ಯಾಮೆರಾ ಅಲುಗಿದ್ದರ ಫಲವೆಂದು ತಳ್ಳಿಹಾಕಬಹುದಾಗಿತ್ತು. ಆದರೆ ಕ್ಯಾಮೆರಾ ಅಲುಗಿದರೆ ಒಂದೇ ಮಿಂಚು ಹಲವು ಗೆರೆಗಳಾಗಿ ಒಡೆಯುವುದೇಕೆ? 1889ರಲ್ಲಿ ಇಂಗ್ಲೆಂಡಿನ ಎಚ್. ಎಚ್. ಹಾಫರ್ಟ್ ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಬೇಕೆಂದೇ ಅತ್ತಿತ್ತ ಆಡಿಸಿದರು. ಫಲಕದ ಮೇಲೆ ಒಂದೇ ಆಕೃತಿಯ ಗೆರೆಗಳು ಅಂತರಬಿಟ್ಟು ಮೂಡಿದವು. ಕಣ್ಣಿಗೆ ಒಂದಾಗಿ ಕಾಣುವ ಮಿಂಚು ವಾಸ್ತವವಾಗಿ ಅದೇ ಹಾದಿಯಲ್ಲಿ ಮತ್ತೆ ಮತ್ತೆ ಹರಿಯುವ ಹಲವು ಹೊಡೆತಗಳ ಸಮೂಹ. ಅವುಗಳ ನಡುವಣ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ನೂರರಲ್ಲಿ ಕೆಲವೇ ಭಾಗ. ಆ ಅವಧಿಯಲ್ಲಿ ಗಾಳಿಯು ಬಿಸಿಯಾದ ಹಾದಿಯನ್ನು ಪಕ್ಕಕ್ಕೆ ತಳ್ಳಿದರೆ ಅಲುಗದ ಕ್ಯಾಮೆರಾದಲ್ಲಿಯೂ ಪಟ್ಟಿ ಕಾಣುತ್ತದೆ. ಇದಕ್ಕೆ ಬಳಕೆಯಾದ ಸಾಧನ ಒಬ್ಬ ಮನುಷ್ಯನ ಕೈಯ ಚಲನೆ ಮಾತ್ರ. ಹವ್ಯಾಸಿ ಕೈಪಿಡಿಗಳು ಅಂದಿನಿಂದ ಇಂದಿನವರೆಗೂ ದೋಷವೆಂದು ಎಚ್ಚರಿಸುವ ಕ್ರಿಯೆಯೇ ಇಲ್ಲಿ ವಿಧಾನವಾಯಿತು.

ಹೊಡೆತಗಳನ್ನು ಬೇರ್ಪಡಿಸಲು ಕೈ ಸಾಕು. ಒಂದು ಹೊಡೆತದ ಒಳಗೆ ಏನಾಗುತ್ತದೆಂದು ತಿಳಿಯಲು ಸಾಲದು. ಇಂಗ್ಲೆಂಡಿನ ಭೌತವಿಜ್ಞಾನಿ ಚಾರ್ಲ್ಸ್ ವರ್ನನ್ ಬಾಯ್ಸ್ 1900ರಲ್ಲಿ ವೇಗವಾಗಿ ತಿರುಗುವ ತಟ್ಟೆಯ ಎದುರುಬದುರು ಅಂಚುಗಳಲ್ಲಿ ಎರಡು ಮಸೂರಗಳನ್ನು ಕೂಡಿಸಿ ಒಂದು ಕ್ಯಾಮೆರಾ ನಿರ್ಮಿಸಿದರು. ಮಸೂರಗಳು ಪರಸ್ಪರ ವಿರುದ್ಧ ದಿಕ್ಕಿಗೆ ಚಲಿಸುವುದರಿಂದ ಎರಡು ಚಿತ್ರಗಳು ಬೇರೆ ಬೇರೆಯಾಗಿ ಓರೆಯಾಗುತ್ತವೆ. ಅವನ್ನು ಹೋಲಿಸಿ ಬೆಳಕು ಮೇಲಿನಿಂದ ಕೆಳಕ್ಕೆ ಚಲಿಸಿತೋ ಕೆಳಗಿನಿಂದ ಮೇಲಕ್ಕೋ, ಎಷ್ಟು ವೇಗದಲ್ಲಿ ಎಂಬುದನ್ನು ಅಳೆಯಬಹುದು. ಬಾಯ್ಸ್ ಈ ಕ್ಯಾಮೆರಾವನ್ನು ವರ್ಷಗಟ್ಟಲೆ ಜೊತೆಯಲ್ಲಿ ಹೊತ್ತು ತಿರುಗಿದರೂ ತೃಪ್ತಿಕರವಾದ ಚಿತ್ರ ಸಿಕ್ಕಿದ್ದು 1928ರ ಆಗಸ್ಟಿನಲ್ಲಿ, ನ್ಯೂಯಾರ್ಕ್ ಬಳಿಯ ಟಕ್ಸಿಡೊ ಪಾರ್ಕಿನಲ್ಲಿ. ಅಲ್ಲಿ ಅವರಿಗೆ ಆತಿಥ್ಯ ನೀಡಿದ ಆಲ್ಫ್ರೆಡ್ ಲೂಮಿಸ್ ಹಣಕಾಸು ವ್ಯವಹಾರದಲ್ಲಿದ್ದು ಸ್ವಂತ ಪ್ರಯೋಗಶಾಲೆ ಕಟ್ಟಿಕೊಂಡಿದ್ದ ಹವ್ಯಾಸಿ. ಇಪ್ಪತ್ತೆಂಟು ವರ್ಷಗಳ ಈ ಕಾಯುವಿಕೆಯನ್ನು ನೋಡಿದರೆ ವೃತ್ತಿಪರ ಮತ್ತು ಹವ್ಯಾಸಿ ಎಂಬ ವಿಂಗಡಣೆ ಮಿಂಚಿನ ಮುಂದೆ ಬಹಳ ದೂರ ನಿಲ್ಲುವುದಿಲ್ಲ.

ಬಾಯ್ಸ್ ವಿಧಾನವು ಪೂರ್ಣ ಫಲ ನೀಡಿದ್ದು ಬಿರುಮಳೆ ಹೇರಳವಾಗಿರುವ ದಕ್ಷಿಣ ಆಫ್ರಿಕಾದಲ್ಲಿ. ಬೆಸಿಲ್ ಶಾನ್‌ಲ್ಯಾಂಡ್ ಮತ್ತು ಎಚ್. ಕೊಲೆನ್ಸ್ 1934ರಲ್ಲಿ ಪ್ರಕಟಿಸಿದ ಅಧ್ಯಯನವು ಮಿಂಚಿನ ಒಳರಚನೆಯನ್ನು ಬಯಲುಮಾಡಿತು. ಮೊದಲಿಗೆ ಮೋಡದಿಂದ ಮಂದವಾದ ಬೆಳಕೊಂದು ಸುಮಾರು 50 ಮೀಟರಿನ ಹೆಜ್ಜೆಗಳಲ್ಲಿ, ಪ್ರತಿ ಹೆಜ್ಜೆಗೂ ಕ್ಷಣದ ಅತ್ಯಲ್ಪ ಭಾಗ ನಿಂತು ನಿಂತು ಕೆಳಗಿಳಿಯುತ್ತದೆ. ಅದು ನೆಲಕ್ಕೆ ಸಮೀಪಿಸಿ ಹಾದಿ ಪೂರ್ಣಗೊಂಡೊಡನೆ ಪ್ರಖರವಾದ ಬೆಳಕು ನೆಲದಿಂದ ಮೋಡದ ಕಡೆಗೆ ಏರುತ್ತದೆ. ನಮ್ಮ ಕಣ್ಣನ್ನು ಕೋರೈಸುವುದು ಈ ಏರುವ ಬೆಳಕು. ಸಿಡಿಲು ಮೇಲಿನಿಂದ ಬೀಳುತ್ತದೆ ಎಂಬ ನಮ್ಮೆಲ್ಲರ ಮಾತು ತಪ್ಪಲ್ಲವಾದರೂ ಅರ್ಧ ಸತ್ಯವೆಂದು ಇದರಿಂದ ತಿಳಿಯಿತು.

ಮೋಡದ ಮೇಲ್ಭಾಗದ ಕಥೆಗೆ ಇನ್ನೂ ಅರ್ಧ ಶತಮಾನ ಬೇಕಾಯಿತು. ಬಿರುಮಳೆಯ ಮೋಡಗಳಿಗಿಂತ ಬಹಳ ಮೇಲೆ ವಿದ್ಯುತ್ ವಿಸರ್ಜನೆ ಸಾಧ್ಯವೆಂದು ಸಿ. ಟಿ. ಆರ್. ವಿಲ್ಸನ್ 1920ರ ದಶಕದಲ್ಲಿಯೇ ಸೂಚಿಸಿದ್ದರು. ವಿಮಾನ ಚಾಲಕರು ಅಂತಹ ಬೆಳಕುಗಳನ್ನು ಕಂಡುದಾಗಿ ಹೇಳುತ್ತಲೂ ಬಂದಿದ್ದರು. ಚಿತ್ರವಿಲ್ಲದ ಕಾರಣ ಆ ಮಾತುಗಳಿಗೆ ಮನ್ನಣೆ ದೊರೆಯಲಿಲ್ಲ. 1989ರ ಜುಲೈ 6ರ ರಾತ್ರಿ ಮಿನ್ನೆಸೋಟ ವಿಶ್ವವಿದ್ಯಾನಿಲಯದ ಜಾನ್ ವಿಂಕ್ಲರ್ ಮತ್ತು ಸಂಗಡಿಗರು ರಾಕೆಟ್ ಪ್ರಯೋಗವೊಂದಕ್ಕಾಗಿ ಮಂದ ಬೆಳಕಿನ ವಿಡಿಯೊ ಕ್ಯಾಮೆರಾವನ್ನು ಪರೀಕ್ಷಿಸುತ್ತಿದ್ದಾಗ ಅದರಲ್ಲಿ ಈ ಬೆಳಕು ಅನಿರೀಕ್ಷಿತವಾಗಿ ದಾಖಲಾಯಿತು. ಮುಂದೆ ಸ್ಪ್ರೈಟ್ ಎಂಬ ಹೆಸರು ಪಡೆದ ಈ ಕೆಂಬೆಳಕನ್ನು ಈಗ ಹವ್ಯಾಸಿಗಳು ದೂರದ ದಿಗಂತದ ಮೋಡಗಳ ಮೇಲಕ್ಕೆ ಸಾಮಾನ್ಯ ಡಿಜಿಟಲ್ ಕ್ಯಾಮೆರಾಗಳನ್ನು ತಿರುಗಿಸಿ, ರಾತ್ರಿಯಿಡೀ ಕಾದು ಸೆರೆಹಿಡಿಯುತ್ತಿದ್ದಾರೆ.