ತೇನಿಯ ಜೀಪು, ನಮ್ಮ ಲಿಫ್ಟ್ ಕಿಟ್

ಈಗ ನಮ್ಮ ಕಡೆಯ ಯಾವುದೇ ಮದುವೆ ಹಾಲ್‌ನ ಅಂಗಳದಲ್ಲಿ ನಿಂತು ನೋಡಿ, ಎತ್ತರಿಸಿದ ಥಾರ್ ಒಂದೆರಡಾದರೂ ಕಾಣುತ್ತದೆ. ಗಲ್ಫಿನಿಂದ ರಜೆಗೆ ಬಂದ ಹುಡುಗರು ಮೊದಲು ಗಾಡಿ ಬುಕ್ ಮಾಡುತ್ತಾರೆ, ಮರುದಿನವೇ ಲಿಫ್ಟ್ ಕಿಟ್ ಹುಡುಕುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನೆಂದು ಗೊತ್ತಿರುವವರು ಅಂಗಡಿಗೇ ಬಂದು ಕೇಳುತ್ತಾರೆ: "ಎರಡು ಇಂಚು ಸಾಕಾ, ನಾಲ್ಕು ಹಾಕುವುದಾ?"

ಕ್ಯಾಟಲಾಗ್ ನೋಡಿ ಇದಕ್ಕೆ ಉತ್ತರ ಹೇಳಬಹುದು. ಆದರೆ ಜೀಪನ್ನು ಶೋಕಿಗಲ್ಲದೆ ಹೊಟ್ಟೆಪಾಡಿಗೆ ಬೆಟ್ಟ ಹತ್ತಿಸಿದ ಒಂದು ಸೀಮೆಯ ಚರಿತ್ರೆ ನೋಡಿದರೆ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. ಆ ಸೀಮೆ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ. ನಮ್ಮ ಬಾಪನ ಅಂಗಡಿಯಲ್ಲಿ ಏಲಕ್ಕಿ ಡಬ್ಬದ ವಿಷಯ ಬಂದಾಗಲೆಲ್ಲ ಕೇಳಿಬರುತ್ತಿದ್ದ ‘ಬೋಡಿ’ ಎಂಬ ಹೆಸರು ಅಲ್ಲಿಯ ಬೋಡಿನಾಯಕನೂರಿನದು.

ಆ ಊರುಗಳು ನಮಗೆ ಪೂರ್ತಿ ಪರಕೀಯವೂ ಅಲ್ಲ. ಪಕ್ಕದ ದಿಂಡಿಗಲ್‌ಗೆ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಹೋದವನು ಹೈದರಾಲಿ. ಫ್ರೆಂಚ್ ಕುಶಲಕರ್ಮಿಗಳನ್ನು ಸೇರಿಸಿ ಅವನು ಶಸ್ತ್ರಾಗಾರ ಕಟ್ಟಿದ್ದು ಅಲ್ಲೇ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನರು ಬಿಟ್ಟುಕೊಡಬೇಕಾದ ಸೀಮೆಗಳಲ್ಲಿ ದಿಂಡಿಗಲ್ ಕೂಡ ಒಂದು. ಕಂಬಂ, ಬೋಡಿ ಕಡೆ ಕಪ್ಪಿಲಿಯರ್ ಎಂಬ ಒಕ್ಕಲು ಸಮುದಾಯ ಇಂದಿಗೂ ಮನೆಯಲ್ಲಿ ಕನ್ನಡ ಮಾತನಾಡುತ್ತದೆ, ಪೇಟೆಗೆ ಬಂದರೆ ತಮಿಳು. ಮನೆಯಲ್ಲಿ ಒಂದು ಬಾಸೆ, ಅಂಗಡಿಯಲ್ಲಿ ಇನ್ನೊಂದು ಎಂಬುದು ಬ್ಯಾರಿಗಳಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಉತ್ತಮಪಾಳ್ಯಂನಲ್ಲಿ 1956ರಲ್ಲಿ ಶುರುವಾದ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜಿದೆ. ರಾವುತ್ತರ್ ಅಲ್ಲಿನ ತಮಿಳು ಮುಸ್ಲಿಮರ ಒಂದು ದೊಡ್ಡ ಸಮುದಾಯ. ಕನ್ನಡದ ‘ರಾವುತ’ ಎಂಬ ಪದವನ್ನು ನೆನಪಿಸಿಕೊಳ್ಳಿ, ಅರ್ಥ ಕುದುರೆ ಸವಾರ.

ಆ ಕಣಿವೆಯ ಸಮಸ್ಯೆ ಯಾವತ್ತೂ ಒಂದೇ: ಊರು ಕೆಳಗೆ, ಕೆಲಸ ಮೇಲೆ. ಗದ್ದೆ, ದ್ರಾಕ್ಷಿ ತೋಟ, ಪೇಟೆ ಎಲ್ಲವೂ ತಗ್ಗಿನಲ್ಲಿ. ಏಲಕ್ಕಿ ಮತ್ತು ಚಹಾ ತೋಟಗಳು ಪಶ್ಚಿಮ ಘಟ್ಟದ ಮೇಲೆ, ಹೆಚ್ಚಿನವು ಈಗಿನ ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ. ಘಟ್ಟದಾಚೆಯ ನೀರನ್ನು ಸುರಂಗದ ಮೂಲಕ ಈ ಕಣಿವೆಗೆ ತಿರುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟು 1895ರಲ್ಲಿ ಮುಗಿಯಿತು. ನೀರೇನೋ ತಾನಾಗಿ ಕೆಳಗಿಳಿದು ಬಂತು. ಆಳು, ಅಕ್ಕಿ, ಗೊಬ್ಬರ ಮಾತ್ರ ಮೇಲೆ ಹೋಗಬೇಕು, ಮೇಲಿನ ಫಸಲು ಕೆಳಗೆ ಬರಬೇಕು. ಮೊದಲು ಇದಕ್ಕೆ ತಲೆಹೊರೆ ಮತ್ತು ಹೇರೆತ್ತುಗಳೇ ದಾರಿ.

1902ರಲ್ಲಿ ಮುನ್ನಾರ್‌ನಿಂದ ಟಾಪ್ ಸ್ಟೇಷನ್ ಎಂಬ ಅಂಚಿನವರೆಗೆ ಕುಂಡಲ ಕಣಿವೆಯಲ್ಲಿ ಒಂಟಿ ಹಳಿಯ ರೈಲು ಹಾಕಿದರು. ಎಳೆಯುತ್ತಿದ್ದದ್ದು ಎತ್ತುಗಳು. ಗಾಡಿಯ ಹೆಚ್ಚಿನ ಭಾರ ಹಳಿಯ ಮೇಲೆ, ಪಕ್ಕಕ್ಕೆ ಬೀಳದಂತೆ ಬದಿಯಲ್ಲಿ ನೆಲದ ಮೇಲೆ ಉರುಳುವ ಒಂದು ದೊಡ್ಡ ಚಕ್ರ. 1908ರಲ್ಲಿ ಅದು ಎರಡು ಹಳಿಯ ಚಿಕ್ಕ ರೈಲಾಯಿತು, 1924ರ ಮಹಾಪ್ರವಾಹದಲ್ಲಿ ಕೊಚ್ಚಿಹೋಯಿತು. ಟಾಪ್ ಸ್ಟೇಷನ್‌ನಿಂದ ಚಹಾ ಪೆಟ್ಟಿಗೆಗಳು ರೋಪ್‌ವೇಯಲ್ಲಿ ತೂಗುತ್ತ ಕೆಳಗಿನ ಕೊಟ್ಟಗುಡಿಗೆ ಇಳಿದು, ಅಲ್ಲಿಂದ ಬೋಡಿಗೆ ಬರುತ್ತಿದ್ದವು. 1928ರಲ್ಲಿ ಮದುರೆಯಿಂದ ಬೋಡಿಗೆ ರೈಲು ಬಂತು. ಇದರಲ್ಲಿ ಗಮನಿಸಬೇಕಾದದ್ದು ಒಂದು: ಎತ್ತಿನ ಒಂಟಿ ಹಳಿಯಾಗಲಿ ರೋಪ್‌ವೇಯಾಗಲಿ, ಎಷ್ಟು ಭಾರ, ಯಾವ ದಾರಿ ಎಂದು ಮೊದಲು ಲೆಕ್ಕ ಹಾಕಿ ಆಮೇಲೆ ಕಟ್ಟಿದ್ದು.

ಇನ್ನು ಜೀಪಿನ ಕಥೆ. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಿಲ್ಲಿಸ್ ಜೀಪನ್ನು 1947ರಿಂದ ಮುಂಬೈಯಲ್ಲಿ ಜೋಡಿಸಲು ಶುರುಮಾಡಿದ ಕಂಪನಿಯ ಅಂದಿನ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. 1945ರ ಅಕ್ಟೋಬರ್ 2ರಂದು ಮಹೀಂದ್ರ ಸೋದರರ ಜೊತೆ ಪಾಲುದಾರರಾಗಿ ಅದನ್ನು ಕಟ್ಟಿದವರು ಮಲಿಕ್ ಗುಲಾಂ ಮೊಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದು ಬದಲಾಯಿತು. ಹೆಸರಿನ ಕೊನೆಯ ‘ಎಂ’ ಹಾಗೇ ಉಳಿಯಿತು, ಅದರ ಅರ್ಥ ಮಾತ್ರ ಬೇರೆಯಾಯಿತು.

ಬಾನೆಟ್ ಎತ್ತರವಿರುವ ಸಿಜೆ 3ಬಿ ಜೀಪನ್ನು ಮಹೀಂದ್ರ ದಶಕಗಳ ಕಾಲ ಮಾಡಿತು. ಆಮೇಲೆ ಎಂಎಂ 540, ಕಮಾಂಡರ್, ಮೇಜರ್ ಬಂದವು. ಸುಳ್ಯ, ಬೆಳ್ತಂಗಡಿ ಕಡೆ ಸರ್ವಿಸ್ ಜೀಪಿನಲ್ಲಿ ನೇತಾಡಿಕೊಂಡು ಶಾಲೆಗೆ ಹೋದವರಿಗೆ ಇವುಗಳ ಪರಿಚಯ ಬೇಡ. ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸೆಲ್, ಅದಕ್ಕೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಕಟ್ಟಿದ ಬಾಗಿದ ಉಕ್ಕಿನ ಪ್ಲೇಟುಗಳು. ಒಂದು ಪ್ಲೇಟ್ ತುಂಡಾದರೂ ಗಾಡಿ ಊರು ಸೇರುತ್ತದೆ. ಯಾವ ಸಣ್ಣ ಪೇಟೆಯ ಗ್ಯಾರೇಜಿನಲ್ಲೂ ರಿಪೇರಿಯಾಗುತ್ತದೆ.

ತೇನಿ ಜಿಲ್ಲೆಗೆ ಸೇರಿದ ಕೊಳುಕ್ಕುಮಲೈ ಚಹಾ ತೋಟಕ್ಕೆ ಗಾಡಿದಾರಿ ಇರುವುದು ಕೇರಳದ ಸೂರ್ಯನೆಲ್ಲಿಯಿಂದ. ಸುಮಾರು ಹನ್ನೆರಡು ಕಿಲೋಮೀಟರ್ ಕಲ್ಲುದಾರಿ. ಪ್ರವಾಸಿಗರನ್ನು ಹತ್ತಿಸುವುದು ಇಂಥ ಹಳೇ ಮಹೀಂದ್ರ ಜೀಪುಗಳೇ. ಅವು ಹತ್ತುವುದು ಫೋರ್ ವೀಲ್ ಡ್ರೈವ್, ಲೋ ಗೇರ್ ಮತ್ತು ನಡಿಗೆಯ ವೇಗದಿಂದ. ಆತುರ ಮಾಡಿದ ಕಡೆ ಅನಾಹುತವಾಗುತ್ತದೆ. ಅಪಘಾತಗಳ ನಂತರ 2025ರ ಜುಲೈಯಲ್ಲಿ ಇಡುಕ್ಕಿ ಜಿಲ್ಲಾಡಳಿತ ಜೀಪ್ ಸಫಾರಿಗಳನ್ನೇ ಕೆಲಕಾಲ ನಿಲ್ಲಿಸಿತ್ತು.

ಆದರೆ ಆ ಕಣಿವೆಯ ಜೀಪಿನ ದೊಡ್ಡ ಚರಿತ್ರೆ ಪ್ರವಾಸಿಗರದ್ದಲ್ಲ, ಕೂಲಿ ಹೆಂಗಸರದ್ದು. ಕಂಬಂ, ಗೂಡಲೂರು (ನೀಲಗಿರಿಯದ್ದಲ್ಲ, ತೇನಿಯದ್ದು), ಬೋಡಿ ಕಡೆಯಿಂದ ಬೆಳಗಾಗುವ ಹೊತ್ತಿಗೆ ಜೀಪುಗಳು ಹೊರಡುತ್ತವೆ. ಕುಮಿಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟು ದಾಟಿ ಏಲಕ್ಕಿ ತೋಟಗಳಿಗೆ ಆಳುಗಳನ್ನು ಮುಟ್ಟಿಸಿ ಸಂಜೆ ವಾಪಸ್ ತರುತ್ತವೆ. ಬೋಡಿ ಮೆಟ್ಟಿನ ದಾರಿಯಲ್ಲೇ 17 ಹೇರ್‌ಪಿನ್ ತಿರುವುಗಳಿವೆ. ಟ್ರಿಪ್ಪಿಗೆ ಹೆಚ್ಚು ಜನ ಕೂತಷ್ಟೂ ತಲೆಗೆ ಬೀಳುವ ಬಾಡಿಗೆ ಕಡಿಮೆ. ಹಾಗಾಗಿ ಆರ್‌ಸಿಯಲ್ಲಿ ಬರೆದ ಸೀಟಿನ ಲೆಕ್ಕ ಮೀರಿ ಜನ ತುಂಬುತ್ತಾರೆ. ಆ ಘಟ್ಟಗಳಲ್ಲಿ ಕೂಲಿಯವರ ಜೀಪು ಉರುಳಿದ ಸುದ್ದಿ ಮತ್ತೆ ಮತ್ತೆ ಬಂದಿದೆ, ಜೀವಗಳೂ ಹೋಗಿವೆ.

ಭಾರ ಹೆಚ್ಚಾಗಿ ಸ್ಪ್ರಿಂಗ್ ಕುಗ್ಗಿದಾಗ ಯಾವ ಗ್ಯಾರೇಜಾದರೂ ಹೇಳುವ ಪರಿಹಾರ ಇನ್ನೊಂದು ಪ್ಲೇಟ್ ಸೇರಿಸುವುದು. ದುಡಿಯುವ ಜೀಪಿನ ‘ಲಿಫ್ಟ್ ಕಿಟ್’ ಅದೇ. ಡಿಪ್ಲೊಮಾದಲ್ಲಿ ಕಲಿತ ಲೆಕ್ಕದಲ್ಲಿ ಇದನ್ನು ನೋಡೋಣ. ಎರಡು ಚಕ್ರಗಳ ನಡುವಿನ ಅಗಲವನ್ನು ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ಮಗುಚದೆ ನಿಲ್ಲುವ ಶಕ್ತಿಯ ಒಂದು ಅಳತೆ ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಭದ್ರ. ಉದಾಹರಣೆಗೆ ಅಗಲ 1.30 ಮೀಟರ್, ಭಾರಕೇಂದ್ರ ನೆಲದಿಂದ 65 ಸೆಂಟಿಮೀಟರ್ ಇರುವ 1,300 ಕಿಲೋ ತೂಕದ ಜೀಪು ಎಂದಿಟ್ಟುಕೊಳ್ಳಿ. ಖಾಲಿ ಇದ್ದಾಗ ಸಂಖ್ಯೆ 1.00.

2 ಇಂಚಿನ ಕಿಟ್ ಹಾಕಿದರೆ ಚಕ್ರ, ಆಕ್ಸೆಲ್ ಬಿಟ್ಟು ಉಳಿದದ್ದೆಲ್ಲ ಮೇಲೇರುತ್ತದೆ. ಭಾರಕೇಂದ್ರ ಸುಮಾರು 4 ಸೆಂಟಿಮೀಟರ್ ಏರುತ್ತದೆ, ಸಂಖ್ಯೆ 0.94. ಸಿಜೆ 3ಬಿಯಂಥ ಜೀಪಿನಲ್ಲಿ ಸ್ಪ್ರಿಂಗ್ ಆಕ್ಸೆಲ್‌ನ ಕೆಳಗಿದೆ, ಅದನ್ನು ಮೇಲೆ ಕೂರಿಸುವ ದೊಡ್ಡ ಬದಲಾವಣೆಯನ್ನು ಕೆಲವರು ಮಾಡಿಸುತ್ತಾರೆ. ಆಗ ಗಾಡಿ ಐದಾರು ಇಂಚು ಏರುತ್ತದೆ, ಸಂಖ್ಯೆ 0.84ರ ಹತ್ತಿರ. ಈಗ ಕಿಟ್ ಏನೂ ಬೇಡ, ತಲಾ 50 ಕಿಲೋದ 15 ಜನರನ್ನು ಕೂರಿಸಿ. ಅವರ ಭಾರ ನೆಲದಿಂದ 1.10 ಮೀಟರ್ ಮೇಲಿದೆ ಎಂದುಕೊಂಡರೆ ಒಟ್ಟು ಭಾರಕೇಂದ್ರ 81 ಸೆಂಟಿಮೀಟರಿಗೆ ಏರಿ ಸಂಖ್ಯೆ 0.80ಕ್ಕೆ ಇಳಿಯುತ್ತದೆ. ಅಂದರೆ ತುಂಬಿದ ಕೂಲಿ ಜೀಪು, ಯಾರೂ ಎತ್ತರಿಸದೆಯೇ, ಅತಿ ಎತ್ತರಿಸಿದ ಶೋಕಿ ಜೀಪಿಗಿಂತ ಹೆಚ್ಚು ಅಪಾಯದಲ್ಲಿದೆ. ಭಾರಕ್ಕೆ ಸ್ಪ್ರಿಂಗ್ ಒಂದೆರಡು ಇಂಚು ಕುಗ್ಗಿದಾಗ ಸಿಗುವ ಸಣ್ಣ ಲಾಭವೂ ಪ್ಲೇಟ್ ಸೇರಿಸಿದ ಮೇಲೆ ಇಲ್ಲ. ಕುಗ್ಗಿದ ಸ್ಪ್ರಿಂಗ್ "ಸಾಕು" ಎಂದು ಹೇಳುತ್ತಿರುತ್ತದೆ. ಪ್ಲೇಟ್ ಸೇರಿಸಿದಾಗ ಆ ಎಚ್ಚರಿಕೆಯೂ ನಿಲ್ಲುತ್ತದೆ, ತಿರುವಿನಲ್ಲಿ ಬೆಲೆ ಕೊಡುವವರು ಹಿಂದಿನ ಬೆಂಚಿನ ಹೆಂಗಸರು.

ಈ ಲೆಕ್ಕ ನಮ್ಮ ಥಾರ್‌ಗೂ ಅನ್ವಯಿಸುತ್ತದೆ. ಚಾರ್ಮಾಡಿ ಘಾಟಿಗೆ ಹೋಗುವಾಗ ಒಳಗೆ ಡ್ರೈವರ್ ಒಬ್ಬನೇ ಇರುವುದಿಲ್ಲ. ಉಮ್ಮ, ಹೆಂಡತಿ, ಮಕ್ಕಳು, ಮೇಲೆ ಕ್ಯಾರಿಯರ್, ಕ್ಯಾರಿಯರ್ ತುಂಬ ಲಗೇಜು. ಕಿಟ್ ಆರಿಸುವ ಮೊದಲು ಈ ಭಾರ ಲೆಕ್ಕಕ್ಕೆ ಬರಬೇಕು.

ಇನ್ನು ಆಯ್ಕೆಯ ವಿಷಯ. 2010ರ ಥಾರ್‌ನಲ್ಲಿ ಹಿಂದೆ ಲೀಫ್ ಸ್ಪ್ರಿಂಗ್, ಮುಂದೆ ಟಾರ್ಷನ್ ಬಾರ್. 2020ರ ಥಾರ್‌ನಲ್ಲಿ ಕಾಯಿಲ್ ಸ್ಪ್ರಿಂಗ್. ಒಂದರ ಕಿಟ್ ಇನ್ನೊಂದಕ್ಕೆ ಆಗದು. ಕಡಿಮೆ ಖರ್ಚಿನದ್ದು ಸ್ಪೇಸರ್: ಸ್ಪ್ರಿಂಗ್ ಹಳೆಯದೇ, ನಡುವೆ ಒಂದು ಬಿಲ್ಲೆ ಇಟ್ಟು ಎತ್ತರಿಸುವುದು. ಶಾಕ್ ಅಬ್ಸಾರ್ಬರ್ ಹಳೆಯದೇ ಉಳಿದರೆ ಚಕ್ರ ಗುಂಡಿಗೆ ಇಳಿದಾಗ ಅದರ ಉದ್ದ ಸಾಲುವುದಿಲ್ಲ. ಲೀಫ್ ಸ್ಪ್ರಿಂಗ್‌ನ ಗಾಡಿಗೆ ಉದ್ದದ ಶ್ಯಾಕಲ್ ಅಥವಾ ಹೆಚ್ಚುವರಿ ಪ್ಲೇಟ್. ಪ್ಲೇಟಿನ ದಪ್ಪ ಕಾಲು ಭಾಗ ಹೆಚ್ಚಾದರೆ ಅದರ ಬಿಗಿತ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಖಾಲಿ ಗಾಡಿ ಆಗ ಕುಣಿಯುತ್ತದೆ, ಕುಣಿಯುವ ಚಕ್ರಕ್ಕೆ ಬ್ರೇಕ್ ಹಿಡಿಯುವುದಿಲ್ಲ. ಸರಿಯಾದ ದಾರಿ ಎಂದರೆ ನಿಮ್ಮ ಗಾಡಿಯ ಭಾರಕ್ಕೆ ಹೊಂದುವ ಹೊಸ ಸ್ಪ್ರಿಂಗ್ ಮತ್ತು ಅದಕ್ಕೆ ತಕ್ಕ ಉದ್ದದ ಶಾಕ್ ಎರಡನ್ನೂ ಒಟ್ಟಿಗೆ ಹಾಕುವುದು. ಎತ್ತರ ಹೆಚ್ಚಾದಂತೆ ಪ್ರೊಪೆಲ್ಲರ್ ಶಾಫ್ಟಿನ ಕೋನ, ಸ್ಟೇರಿಂಗ್ ಹಿಂತಿರುಗುವ ಗುಣ, ಬ್ರೇಕ್ ಹೋಸಿನ ಉದ್ದ ಎಲ್ಲವನ್ನೂ ಮತ್ತೆ ನೋಡಬೇಕು. ಎರಡು ಇಂಚು ದಾಟಿದರೆ ಈ ಪಟ್ಟಿ ಬೇಗ ಬೆಳೆಯುತ್ತದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಮಾತೊಂದಿದೆ: ಲಿಫ್ಟ್ ಕಿಟ್ ಆಕ್ಸೆಲ್‌ನ ನಡುವಿನ ಡಿಫರೆನ್ಶಿಯಲ್ ಗುಂಡನ್ನು ಒಂದು ಕೂದಲೆಳೆಯಷ್ಟೂ ಎತ್ತುವುದಿಲ್ಲ. ಗಟ್ಟಿ ಆಕ್ಸೆಲ್‌ನಲ್ಲಿ ಕಲ್ಲು ತಾಗುವುದು ಹೆಚ್ಚಾಗಿ ಅಲ್ಲಿಗೇ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ, ಅದೂ ವ್ಯಾಸ ಎರಡು ಇಂಚು ಹೆಚ್ಚಿದರೆ ಒಂದೇ ಇಂಚು. 2020ರ ಥಾರ್‌ಗೆ ಕಂಪನಿಯೇ 226 ಮಿಲಿಮೀಟರ್ ನೆಲದಂತರ, 650 ಮಿಲಿಮೀಟರ್ ನೀರಿಗಿಳಿಯುವ ಸಾಮರ್ಥ್ಯ ಕೊಟ್ಟಿದೆ. ನಮ್ಮ ತೋಟದ ದಾರಿಗೆ ಅದು ಧಾರಾಳ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಾಯಿಸಬಾರದು. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಇದನ್ನೇ ಖಚಿತವಾಗಿ ಹೇಳಿತು. ಹಾಗಾಗಿ ಹಣ ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪಘಾತವಾದ ಮೇಲೆ "ಅಂಗಡಿಯವನು ಪರವಾಗಿಲ್ಲ ಎಂದಿದ್ದ" ಎಂಬ ಮಾತು ನಿಲ್ಲುವುದಿಲ್ಲ.

ಹಾಗಾದರೆ ಎರಡು ಇಂಚೋ ನಾಲ್ಕೋ? ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾವ ದಾರಿಗೆ? ಒಳಗೆ ಎಷ್ಟು ಜನ? ಈಗಿನ ಎತ್ತರದಲ್ಲಿ ಗಾಡಿ ನಿಜವಾಗಿ ಎಲ್ಲಿ ತಾಗಿದೆ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಒಳ್ಳೆಯ ಟೈರಿಗೂ ಶಾಕಿಗೂ ಹಣ ಹಾಕಿ, ಎತ್ತರ ಹಾಗೇ ಇರಲಿ. ಉಮ್ಮನಿಗೆ ಸ್ಟೂಲ್ ಇಲ್ಲದೆ ಹತ್ತಲು ಆಗುವಷ್ಟು ತಗ್ಗಿದ್ದರೆ ಒಳ್ಳೆಯದು.